ಮುಂದಿನ ಹಲ್ಲಲ್ಲಿ ಹುಳುಕಿದೆ, ವೈಟನಿಂಗ್ ಮೊದಲು ಮಾಡಿಸಬಹುದಾ?

ನಾಪೋಕ್ಲು_ಅಣ್ಣ:
ತಂಗಿಯ ಮದುವೆ ವಿರಾಜಪೇಟೆಯಲ್ಲಿ, ಇನ್ನು ಎಂಟು ವಾರ ಇದೆ. ಅವಳ ಮೇಲಿನ ಎರಡು ಮುಂಬಲ್ಲಿನ ಸಂದಿಯಲ್ಲಿ ಕಪ್ಪಾಗಿದೆ. ಬಲಗಡೆ ಕೆಳಗಿನ ದವಡೆ ಹಲ್ಲಲ್ಲಿ ಅನ್ನ ಸಿಕ್ಕಿಕೊಳ್ಳುತ್ತೆ, ತಣ್ಣೀರು ತಾಗಿದರೆ ಜುಮ್ ಅನ್ನುತ್ತೆ. ಡಾಕ್ಟರು ಮೊದಲು ಹುಳುಕು, ಆಮೇಲೆ ವೈಟನಿಂಗ್, ಅದಾದ ಮೇಲೂ ಸ್ವಲ್ಪ ದಿನ ಕಾಯಬೇಕು ಅಂತಾರೆ. ಈಗ ವೈಟನಿಂಗ್ ಮುಗಿಸಿ, ಹುಳುಕನ್ನು ಮದುವೆ ಆದಮೇಲೆ ನೋಡಿಕೊಂಡರೆ ಆಗಲ್ವಾ? ಆನ್‌ಲೈನ್‌ನಲ್ಲಿ ಸಿಗುವ, ಹಲ್ಲಿಗೆ ಅಂಟಿಸುವ ವೈಟನಿಂಗ್ ಪಟ್ಟಿಗಳು (ಸ್ಟ್ರಿಪ್) ಹೇಗೆ?

ಹಲ್ಲಿನ_ಮಾತು:
ಡಾಕ್ಟರು ಹೇಳಿದ ಕ್ರಮವೇ ಸರಿ. ವೈಟನಿಂಗ್ ಜೆಲ್‌ನಲ್ಲಿ ಕೆಲಸ ಮಾಡೋದು ಹೈಡ್ರೋಜನ್ ಪೆರಾಕ್ಸೈಡ್. ಹಲ್ಲಿನ ಹೊರಪದರವಾದ ಎನಾಮಲ್ ದಾಟಿ, ಅದರಡಿಯ ಪದರವಾದ ಡೆಂಟಿನ್‌ಗೆ ಇಳಿದು ಅಲ್ಲಿನ ಬಣ್ಣವನ್ನು ಒಡೆಯುತ್ತೆ. ಗಟ್ಟಿ ಹಲ್ಲಲ್ಲೇ ಸ್ವಲ್ಪ ಅಂಶ ಕೆಲವು ನಿಮಿಷಗಳಲ್ಲಿ ನರದ ತನಕ ಹೋಗುತ್ತೆ, ಇನ್ನು ಹುಳುಕು ಕೊರೆದ ಗುಳಿಯಿದ್ದರೆ ತಡೆಯೋಕೆ ಏನಿದೆ? ಕ್ಲಿನಿಕ್‌ನಲ್ಲಿ ಹಚ್ಚುವ ಜೆಲ್ ಸಾಮಾನ್ಯವಾಗಿ ಶೇ. 35–40ರದ್ದು. ಮನೆಗೆ ಕೊಡುವ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಒಡೆದರೆ ಶೇ. 3.5ರಷ್ಟು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತೆ. ಸೌಮ್ಯವೇ, ಆದರೂ ಬಾಯ್ತೆರೆದ ಹುಳುಕಿಗೆ ಬೇಡ.

ಇನ್ನೊಂದು ತೊಡಕಿದೆ. ಒಳ್ಳೆಯ ಹಲ್ಲಿಗೂ ಬ್ಲೀಚಿಂಗ್‌ನಿಂದ (ಅಂದರೆ ಈ ವೈಟನಿಂಗ್‌ನಿಂದ) ಕೆಲವು ದಿನ ಜುಮ್ ಅನ್ನುತ್ತೆ. ಹುಳುಕು ಒಳಗಿಟ್ಟುಕೊಂಡು ಬ್ಲೀಚ್ ಮಾಡಿಸಿದರೆ, ನೋವು ಜೆಲ್‌ನದ್ದೋ ನರದ್ದೋ ಅಂತ ಡಾಕ್ಟರಿಗೂ ತಿಳಿಯಲ್ಲ. ತಣ್ಣೀರಿನ ಜುಮ್ ಎರಡು ಮೂರು ಸೆಕೆಂಡಿಗೆ ಹೋದರೆ ಬಹುಶಃ ಫಿಲ್ಲಿಂಗ್ ಸಾಕಾಗಬಹುದು. ನೋವು ನಿಂತೇ ಇದ್ದರೆ, ರಾತ್ರಿ ತಾನಾಗಿ ಎದ್ದರೆ, ರೂಟ್ ಕೆನಾಲ್ ಕಡೆಗೆ ಹೋಗಿದೆ ಅಂತಲೇ ನೋಡಬೇಕು. ದವಡೆ ಹಲ್ಲನ್ನು ಮದುವೆ ತನಕ ಬಿಡೋದಂತೂ ನನಗೆ ಒಪ್ಪಿಗೆಯಿಲ್ಲ. ಮದುವೆ ಮನೆಯಲ್ಲಿ ಹಲ್ಲುನೋವು ಯಾರಿಗೂ ಬೇಡ.

ಆನ್‌ಲೈನ್ ಪಟ್ಟಿಯಲ್ಲೂ ಅದೇ ಜಾತಿಯ ಪೆರಾಕ್ಸೈಡ್. ಗುಳಿ ಇದೆಯಾ ಅಂತ ನೋಡುವವರಿಲ್ಲ, ಹಲ್ಲು ಸೊಟ್ಟಗಿದ್ದರೆ ಸರಿಯಾಗಿ ಕೂರದೆ ವಸಡಿಗೆ ತಾಗುತ್ತೆ.

ಕುಶಾಲನಗರ_ಕ್ಲಿನಿಕ್:
ಎಂಟು ವಾರ ಧಾರಾಳ ಸಾಕು, ಆದರೆ ಈ ವಾರವೇ ಶುರುಮಾಡಿ. ಮೊದಲು ಕ್ಲೀನಿಂಗ್. ಕಾಫಿ, ಎಲೆಅಡಿಕೆ ಕಲೆ ಅದರಲ್ಲೇ ಹೋಗುತ್ತೆ, ಎಷ್ಟೋ ಸಲ ಬ್ಲೀಚಿಂಗ್ ಬೇಕೇ ಅನ್ನೋ ಪ್ರಶ್ನೆಯೂ ಅಲ್ಲೇ ಮುಗಿಯುತ್ತೆ. ಸಂದಿಯ ಕಪ್ಪು ಬರೀ ಕಲೆಯೂ ಇರಬಹುದು. ಗಾಳಿ ಹಾಕಿ ಒಣಗಿಸಿ ನೋಡಿ, ಎಕ್ಸ್-ರೇ ತೆಗೆದರೆ ಗೊತ್ತಾಗುತ್ತೆ. ದವಡೆಗೆ ಬೈಟ್‌ವಿಂಗ್ ಎಕ್ಸ್-ರೇ ಕೇಳಿ, ಎರಡು ಹಲ್ಲುಗಳ ನಡುವಿನ ಹುಳುಕು ಕಣ್ಣಿಗೆ ಬೀಳಲ್ಲ.

ದವಡೆ ಹಲ್ಲಿಗೆ ಈಗಲೇ ಪೂರ್ತಿ ಫಿಲ್ಲಿಂಗ್ ಮಾಡಿಸಬಹುದು, ಬಣ್ಣದ ಚಿಂತೆ ಅಲ್ಲಿಲ್ಲ. ಮುಂಬಲ್ಲಿಗೆ ಮಾತ್ರ ಹುಳುಕು ತೆಗೆದು ಗ್ಲಾಸ್ ಅಯೋನೋಮರ್ ಸಿಮೆಂಟಿನಿಂದ ತಾತ್ಕಾಲಿಕವಾಗಿ ಮುಚ್ಚಿಸಿ. ಕ್ಲೀನಿಂಗ್ ಆಗಿ ಒಂದು ವಾರ ವಸಡು ಮಾಯಲಿ. ಆಮೇಲೆ ಎರಡು ವಾರ ಬ್ಲೀಚಿಂಗ್, ನಂತರ ಎರಡು ವಾರ ಏನೂ ಮಾಡದೆ ಬಿಡಿ, ಆಮೇಲೆ ಹೊಸ ಬಣ್ಣಕ್ಕೆ ಹೊಂದಿಸಿ ಕಾಂಪೋಸಿಟ್, ಅಂದರೆ ಹಲ್ಲಿನ ಬಣ್ಣದ ಫಿಲ್ಲಿಂಗ್. ಇಷ್ಟಕ್ಕೆ ಸುಮಾರು ಆರು ವಾರ. ರೂಟ್ ಕೆನಾಲ್ ಬಂದರೆ ಉಳಿದ ಎರಡು ವಾರ ಅದಕ್ಕೆ.

ವಿರಾಜಪೇಟೆಯಲ್ಲಿ ಡೆಂಟಲ್ ಕಾಲೇಜೇ ಇದೆಯಲ್ಲ, ಕನ್ಸರ್ವೇಟಿವ್ ವಿಭಾಗದಲ್ಲಿ ಫಿಲ್ಲಿಂಗ್, ರೂಟ್ ಕೆನಾಲ್ ಎರಡನ್ನೂ ನೋಡುತ್ತಾರೆ.

ನಾಪೋಕ್ಲು_ಅಣ್ಣ:
ಧನ್ಯವಾದ. ಮುಂಬಲ್ಲಿಗೆ ಈಗಲೇ ಕಾಂಪೋಸಿಟ್ ಹಾಕಿಸಿಬಿಟ್ಟರೆ ಒಂದು ಓಡಾಟ ಕಡಿಮೆ ಆಗಲ್ವಾ?

ಕುಶಾಲನಗರ_ಕ್ಲಿನಿಕ್:
ಕಾಂಪೋಸಿಟ್, ಕ್ಯಾಪ್ ಯಾವುದಕ್ಕೂ ಬ್ಲೀಚ್ ಹತ್ತಲ್ಲ. ಹಲ್ಲು ಬೆಳ್ಳಗಾಗಿ, ಫಿಲ್ಲಿಂಗ್ ಮಾತ್ರ ಹಳದಿ ತೇಪೆಯಂತೆ ಕಾಣುತ್ತೆ, ಫೋಟೋದಲ್ಲಿ ಅದೇ ಮೊದಲು ಎದ್ದು ತೋರುತ್ತೆ. ಮತ್ತೆ ಕೊರೆದು ತೆಗೆಯುವಾಗ ಒಳ್ಳೆ ಹಲ್ಲೂ ಸ್ವಲ್ಪ ಹೋಗುತ್ತೆ. ಇನ್ನು ಬ್ಲೀಚ್ ಮುಗಿದ ತಕ್ಷಣ ಹಾಕಿಸಿದರೆ, ಹಲ್ಲಿನೊಳಗೆ ಉಳಿದ ಆಮ್ಲಜನಕ ಕಾಂಪೋಸಿಟ್ ಗಟ್ಟಿಯಾಗದಂತೆ ತಡೆಯುತ್ತೆ, ಅಂಟು ಸರಿಯಾಗಿ ಹಿಡಿಯಲ್ಲ. ಬಣ್ಣವೂ ಮೊದಲ ಕೆಲವು ದಿನ ಇರುವುದಕ್ಕಿಂತ ಬಿಳಿ ತೋರಿ, ಆಮೇಲೆ ಸ್ವಲ್ಪ ಇಳಿದು ನಿಲ್ಲುತ್ತೆ. ಒಂದು ವಾರ ಸಾಕು ಅನ್ನುವವರಿದ್ದಾರೆ. ನಿಮ್ಮ ಹತ್ತಿರ ಸಮಯ ಇರುವಾಗ ಎರಡು ವಾರ ಯಾಕೆ ಬಿಡಬಾರದು?

ಪೊನ್ನಂಪೇಟೆ_ಓದುಗಿ:
ಮನೆಯಲ್ಲೇ ಬ್ಲೀಚ್ ಮಾಡಿಕೊಳ್ಳಲು ಹಲ್ಲಿಗೆ ಕೂರುವ ಟ್ರೇ ಕೊಟ್ಟರೆ ಜನ ತಪ್ಪುವುದು ಜೆಲ್‌ನ ಅಳತೆಯಲ್ಲಿ. ಟ್ರೇಯಲ್ಲಿ ತುಟಿ ಕಡೆಯ ಒಳಗೋಡೆಗೆ ಪ್ರತಿ ಹಲ್ಲಿಗೆ ಅಕ್ಕಿಕಾಳಿನಷ್ಟು ಸಾಕು. ಹೊರಗೆ ಉಕ್ಕಿದ್ದನ್ನು ಬೆರಳಿಂದಲೋ ಹತ್ತಿಯಿಂದಲೋ ಒರೆಸಿ, ಇಲ್ಲದಿದ್ದರೆ ವಸಡಿನ ಅಂಚು ಬೆಳ್ಳಗಾಗಿ ಉರಿಯುತ್ತೆ. ಎಷ್ಟು ಹೊತ್ತು ಅಂತ ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ಬೇಡ. ಶೇ. 10ರ ಜೆಲ್‌ಗೆ ಹಗಲಲ್ಲಾದರೆ 2–4 ಗಂಟೆ ಹೊತ್ತು, ಇಲ್ಲವೇ ರಾತ್ರಿಯಿಡೀ ಅನ್ನುವುದು ವಾಡಿಕೆ. ಜುಮ್ ಜಾಸ್ತಿಯಾದರೆ ಒಂದು ದಿನ ಬಿಟ್ಟು ಒಂದು ದಿನ ಹಾಕಿ. ಶೇ. 5ರ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟನ್ನು ಎರಡು ವಾರ ಮೊದಲೇ ಶುರುಮಾಡಿಸಿದರೆ ಒಳ್ಳೇದು. ಹುಳುಕಿನ ಆರಂಭದ ಬಿಳಿ ಚುಕ್ಕೆಗಳು ಬ್ಲೀಚಿಂಗ್‌ನ ಮೊದಲ ದಿನಗಳಲ್ಲಿ ಇನ್ನೂ ಎದ್ದು ಕಾಣಬಹುದು, ಗಾಬರಿ ಬೇಡ. ಆ ಚುಕ್ಕೆಗಳಿಗೆ ಫ್ಲೋರೈಡ್ ವಾರ್ನಿಶ್ (ಹಲ್ಲಿಗೆ ಬಳಿಯುವ ಫ್ಲೋರೈಡ್ ಲೇಪ) ಬೇಕಾ ಅಂತ ಮಾತ್ರ ಕೇಳಿ.

ನಿಂಬೆಹಣ್ಣು, ಇದ್ದಿಲ ಪುಡಿಯಿಂದ ತಿಕ್ಕೋದು ಬೇಡವೇ ಬೇಡ, ಎನಾಮಲ್ ಸವೆದು ಅಡಿಯ ಹಳದಿ ಡೆಂಟಿನ್ ಹೆಚ್ಚು ಕಾಣುತ್ತೆ. ಕಾಚಂಪುಳಿ (ಕೊಡಗಿನ ಹುಳಿರಸ) ಹಾಕಿದ ಪಂದಿ ಕರಿ, ಕಿತ್ತಳೆ ತಿಂದ ಕೂಡಲೇ ಬ್ರಷ್ ಮಾಡಬಾರದು. ಹುಳಿಯಿಂದ ಮೆತ್ತಗಾದ ಎನಾಮಲ್ ಉಜ್ಜಿದರೆ ಸವೆಯುತ್ತೆ, ಬರೀ ನೀರಲ್ಲಿ ಮುಕ್ಕಳಿಸಿ ಅರ್ಧ ಗಂಟೆ ಬಿಡಿ. ಬೆಲ್ಲದ ಕಾಫಿಯನ್ನು ದಿನಕ್ಕೆ ಐದಾರು ಸಲ ಗುಟುಕರಿಸುವ ಅಭ್ಯಾಸ ಇದ್ದರೆ ಒಂದೆರಡಕ್ಕೆ ಇಳಿಸಿ. ಹುಳುಕಿಗೆ ಬೆಲ್ಲ ಎಷ್ಟು ಹಾಕಿದ್ದೀರಿ ಅನ್ನೋದಕ್ಕಿಂತ ಎಷ್ಟು ಸಲ ಬಾಯಿಗೆ ಹೋಗುತ್ತೆ ಅನ್ನೋದೇ ಮುಖ್ಯ. ಬ್ಲೀಚಿಂಗ್ ನಡೆಯುವ ದಿನಗಳಲ್ಲಿ ಕಪ್ಪು ಕಾಫಿ, ಅರಿಶಿನ ಗಾಢವಾಗಿರುವ ಸಾರು ದೂರವಿಡಿ. ಟ್ರೇಯನ್ನು ಬಿಸಿನೀರಲ್ಲಿ ತೊಳೆದರೆ ಆಕಾರ ಕೆಡುತ್ತೆ, ತಣ್ಣೀರೇ ಸಾಕು.