ಆಕ್ಸಿಜನ್ ಮೆಷಿನ್ ರೂಮಿನ ಕೀ ಯಾರ ಹತ್ತಿರ ಇದೆ?

ಮಡಿಕೇರಿ, ನಮ್ಮ ಬೀದಿಯ ಮೆಸೇಜ್ ಗುಂಪು

ಹೆಂಚಿನ ಮನೆ, ಬೆಳಿಗ್ಗೆ 6.12
ಆಕ್ಸಿಜನ್ ಮೆಷಿನ್ ರೂಮಿನ ಕೀ ಯಾರ ಹತ್ತಿರ ಇದೆ? ಈಗ ತಂದು ಕೊಡಬೇಡಿ. ರಾತ್ರಿ ಒಂದೂವರೆಗೆ ಬೇಕಿತ್ತು. ಹನ್ನೊಂದು ಜನಕ್ಕೆ ಫೋನ್ ಮಾಡಿದೆ. ನಾಲ್ಕು ಜನ ಎತ್ತಿದರು. ನಾಲ್ಕೂ ಜನ ಇನ್ನೊಬ್ಬರನ್ನು ಕೇಳಿ ಅಂದರು.

ಅಪ್ಪನಿಗೆ ದಮ್ಮು ಇದೆ ಅಂತ ಈ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಹತ್ತು ಗಂಟೆಗೆ ಕರೆಂಟ್ ಹೋಯಿತು. ಒಂದು ಗಂಟೆ ಹೊತ್ತಿಗೆ ಹಾಸಿಗೆ ಮೇಲೆ ಎದ್ದು ಕೂತು, ಎರಡೂ ಕೈ ಮಂಡಿ ಮೇಲೆ ಊರಿ ಉಸಿರು ಎಳೆಯುತ್ತಿದ್ದರು. ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಮೀಟರ್ 81 ತೋರಿಸಿತು. 108ಕ್ಕೆ ಹೇಳಿ, ಅವರು ಬರುವ ತನಕ ಕ್ಲಬ್ಬಿನ ಮೆಷಿನ್ ಇದೆಯಲ್ಲ ಅಂತ ನಮ್ಮವರು ಟಾರ್ಚ್ ಹಿಡಿದು ಹಾಲ್‌ಗೆ ಓಡಿದರು. ಬೀಗ. ಕೊನೆಗೆ ಬಾಡಿಗೆ ಮನೆ ಹುಡುಗ ಹಾರೆ ತಂದು ಒಡೆದ.

ಒಳಗೆ ಏನಿತ್ತು ಕೇಳಿ. ಉದ್ಘಾಟನೆ ದಿನದ ಕೆಂಪು ರಿಬ್ಬನ್ ಇನ್ನೂ ಮೆಷಿನ್ ಮೇಲೆ ಇದೆ. ಹಿಂದಿನ ಸ್ಪಂಜ್ ಫಿಲ್ಟರ್ ಪೂರ್ತಿ ಬೂಸ್ಟು ಹಿಡಿದು ಹಸಿರಾಗಿದೆ. ಹೋಂಸ್ಟೇ ಜನರೇಟರ್‌ಗೆ ಹಾಕಿದರೆ ಕೆಂಪು ದೀಪ, ಕುಂಯ್ ಕುಂಯ್ ಸದ್ದು, ಅಷ್ಟೇ. ಪಕ್ಕದಲ್ಲಿ ಸಿಲಿಂಡರ್ ಇತ್ತು. ತೆರೆಯುವ ಚಾವಿ ಇರಲಿಲ್ಲ.

ಈ ಮೆಷಿನ್‌ಗೆ ಅಂತ ನಾನು ಮೂರು ಹೌಸಿ (ತಂಬೋಲ) ಟಿಕೆಟ್ ತಗೊಂಡಿದ್ದೆ. ಅಪ್ಪ ಪೆನ್ಷನ್ ದುಡ್ಡಿಂದ 500 ಕೊಟ್ಟಿದ್ದರು.

ನರ್ಸ್ ಅಕ್ಕ, 6.20
ಈಗ ಹೇಗಿದ್ದಾರಮ್ಮ?

ಹೆಂಚಿನ ಮನೆ, 6.24
ಆಸ್ಪತ್ರೆಯಲ್ಲಿದ್ದಾರೆ. 90 ಇದೆ. ಸಿಲ್ವರ್ ಓಕ್ ಮರ ಅಡ್ಡ ಬಿದ್ದು ಆಂಬುಲೆನ್ಸ್ ಬೇಕರಿ ತನಕ ಮಾತ್ರ ಬಂತು. ಆಂಬುಲೆನ್ಸಿನ ಇಬ್ಬರು ಮಳೆಯಲ್ಲೇ ಸಣ್ಣ ಸಿಲಿಂಡರ್ ಹೊತ್ತು ಮೇಲೆ ಹತ್ತಿ ಬಂದರು. ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಕೆಳಗೆ ಇಳಿಸಿದರು. ಅವರ ಕಾಲಿಗೆ ಬೀಳಬೇಕು ನಾನು.

ನಿವೃತ್ತ ಸುಬೇದಾರರು, 6.31
ನಾನು ಮೊದಲೇ ಹೇಳಿದ್ದೆ. ಮೆಷಿನ್ ತಂದ ದಿನವೇ ಹೇಳಿದ್ದೆ. ಫೋಟೋ ತೆಗೆಸಿಕೊಳ್ಳಲು ಹದಿನೆಂಟು ಜನ ಇದ್ದರು. ಡ್ಯೂಟಿ ಹಾಕಲು ಒಬ್ಬರೂ ಇಲ್ಲ. ಲೆಕ್ಕ ಎಲ್ಲಿ?

ನಿವೃತ್ತ ಸುಬೇದಾರರು, 6.33
ಪಲ್ಟನ್ನಿನಲ್ಲಿ ಒಂದು ಪೆಟ್ರೋಮ್ಯಾಕ್ಸ್ ಇದ್ದರೂ ಅದಕ್ಕೊಬ್ಬ ಜವಾಬ್ದಾರ ಇರುತ್ತಿದ್ದ. ಸಹಿ ಹಾಕಿ ತಗೊಂಡು ಸಹಿ ಹಾಕಿ ಕೊಡಬೇಕಿತ್ತು.

ನಿವೃತ್ತ ಸುಬೇದಾರರು, 6.34
ಕಾರ್ಯದರ್ಶಿ ಉತ್ತರ ಕೊಡಬೇಕು.

ಟ್ಯಾಂಕ್ ಹತ್ತಿರದ ಮೇಷ್ಟ್ರು, 6.50
ನಮ್ಮ ಮಳೆಮಾಪಕದಲ್ಲಿ ರಾತ್ರಿ ಐದೂವರೆ ಇಂಚು. ಎಲ್ಲರೂ ಹುಷಾರು. ಅಪ್ಪ ಬೇಗ ಗುಣವಾಗಲಿ ಅಮ್ಮಾ.

ಕ್ಲಬ್ ಕಾರ್ಯದರ್ಶಿ, 7.15
ಕೀ ನನ್ನ ಹತ್ತಿರ ಇತ್ತು. ನಾನು ಮಗಳ ಮನೆಗೆ ಮೈಸೂರಿಗೆ ಬಂದಿದ್ದೇನೆ. ಫೋನ್ ಸೈಲೆಂಟ್‌ನಲ್ಲಿತ್ತು. ಎದ್ದು ನೋಡಿದಾಗ ಆರು ಮಿಸ್ಡ್ ಕಾಲ್. ತಪ್ಪಾಗಿದೆ, ಒಪ್ಪಿಕೊಳ್ಳುತ್ತೇನೆ. ಅಂಕಲ್‌ನ ನೋಡಲು ಸಂಜೆಯೇ ಬರುತ್ತೇನೆ. ಆದರೆ ಎರಡನೇ ಕೀ ಹಾಲ್ ಕಮಿಟಿಗೆ ಕೊಟ್ಟಿದ್ದೆವು.

ಹೋಂಸ್ಟೇ ಮನೆ, 7.22
ಹಾಲ್ ಕಮಿಟಿ ಅಂದರೆ ಈಗ ಯಾರು? ನಾನು ಬಿಟ್ಟು ಎರಡು ವರ್ಷ ಆಯಿತು. ಆಗಲೇ ಕೀ ಗೊಂಚಲು ಸುಬೇದಾರ್ ಸಾರ್‌ಗೆ ಕೊಟ್ಟಿದ್ದೇನೆ.

ನಿವೃತ್ತ ಸುಬೇದಾರರು, 7.25
ನನಗೆ ಕೊಟ್ಟಿದ್ದು ಗೇಟ್ ಕೀ. ರೂಮಿನ ಕೀ ಅಲ್ಲ. ಸುಳ್ಳು ಹೇಳಬೇಡಿ.

ಹೋಂಸ್ಟೇ ಮನೆ, 7.26
ಗೊಂಚಲು ಕೊಟ್ಟಿದ್ದೆ ಸಾರ್. ಐದು ಕೀ ಇತ್ತು. ನೀವು ಎಣಿಸಿ ತಗೊಂಡಿರಿ.

ಬೇಕರಿ ಮನೆ, 7.40
ಬೀಗ ಒಡೆದ ಹುಡುಗನಿಗೆ ಇವತ್ತು ಪಫ್ಸ್, ಚಹಾ ನನ್ನ ಲೆಕ್ಕದಲ್ಲಿ. ಇನ್ನು ಮೇಲೆ ಹಾರೆಯನ್ನೇ ಎರಡನೇ ಕೀ ಅಂತ ಇಟ್ಟುಕೊಳ್ಳೋಣ.

ಬಾಡಿಗೆ ಮನೆ ಹುಡುಗ, 7.44
ಥ್ಯಾಂಕ್ಸ್ ಅಣ್ಣ. ಬೀಗದ ದುಡ್ಡು ನಾನು ಕೊಡುತ್ತೇನೆ.

ಹೆಂಚಿನ ಮನೆ, 7.45
ನೀನು ಕೊಡಬೇಡ ತಮ್ಮಾ.

ನರ್ಸ್ ಅಕ್ಕ, 8.05
ನಾನು ಹೋಗಿ ಮೆಷಿನ್ ನೋಡಿಕೊಂಡು ಬಂದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ದಯವಿಟ್ಟು ಓದಿ.

ಇದು ಗಾಳಿಯಿಂದಲೇ ಆಕ್ಸಿಜನ್ ಮಾಡುವ ಮೆಷಿನ್. ಗಾಳಿಯಲ್ಲಿ ಆಕ್ಸಿಜನ್ ಇರುವುದು 21 ಭಾಗ, ಉಳಿದಿದ್ದು ಹೆಚ್ಚು ಪಾಲು ನೈಟ್ರೋಜನ್. ಒಳಗೆ ಜಿಯೋಲೈಟ್ ಅನ್ನುವ ಕಾಳುಗಳಿವೆ. ಅವು ನೈಟ್ರೋಜನ್ ಹಿಡಿದುಕೊಂಡು ಆಕ್ಸಿಜನ್ ಬಿಟ್ಟುಕೊಡುತ್ತವೆ. ಆ ಕಾಳುಗಳಿಗೆ ತೇವ ಆಗಿ ಬರುವುದಿಲ್ಲ. ಮೆಷಿನ್ ಸುಮ್ನೆ ತಿಂಗಳುಗಟ್ಟಲೆ ಮೂಲೆಯಲ್ಲಿ ಇಟ್ಟರೆ ತೇವ ಕುಡಿದು ಹಾಳಾಗುತ್ತವೆ. ನಮ್ಮ ಮಡಿಕೇರಿ ಮಳೆಗಾಲದಲ್ಲಿ ಬೀರುವಿನ ಒಳಗಿನ ಸೀರೆಗೇ ಬೂಸ್ಟು ಬರುತ್ತದೆ. ಹಾಲ್‌ನ ಹಿಂದಿನ ರೂಮಿಗೆ ಕಿಟಕಿಯೂ ಇಲ್ಲ.

ಆಗಾಗ ಸ್ವಲ್ಪ ಹೊತ್ತು ಓಡಿಸಬೇಕು. ವಾರಕ್ಕೊಮ್ಮೆ ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ನೀರಿನ ಬಾಟಲಿಗೆ ಡಿಸ್ಟಿಲ್ಡ್ ವಾಟರ್, ಅದೂ ಬಳಸುವಾಗ ಮಾತ್ರ. ಈ ಬಾಟಲಿಯಲ್ಲಿ ಹಳೇ ನೀರು ಹಾಗೇ ಇತ್ತು. ಮೂಗಿನ ಟ್ಯೂಬ್ ಒಬ್ಬರದು ಇನ್ನೊಬ್ಬರಿಗೆ ಹಾಕಲೇಬಾರದು. ಇಲ್ಲಿ ಇರುವುದು ಒಂದೇ ಟ್ಯೂಬ್, ಅದೂ ಬಳಸಿದ್ದು.

ಇನ್ನೊಂದು ಮಾತು. ದಮ್ಮಿನವರಿಗೆ ಆಕ್ಸಿಜನ್ ಜಾಸ್ತಿ ಕೊಟ್ಟರೂ ತೊಂದರೆ. ಹಳೇ ಶ್ವಾಸಕೋಶದ ಕಾಯಿಲೆ ಇರುವವರಿಗೆ ಸಾಮಾನ್ಯವಾಗಿ 88ರಿಂದ 92 ಸಾಕು ಅಂತ ಡಾಕ್ಟರ್ ಹೇಳುತ್ತಾರೆ. 100 ಬರಲಿ ಅಂತ ಗುಂಡಿ ತಿರುಗಿಸಬಾರದು.

ಹೋಂಸ್ಟೇ ಆಂಟಿ, 8.20
ಫಾರ್ವರ್ಡ್ ಆಗಿ ಬಂದದ್ದು: ಕರ್ಪೂರ, ಓಮ, ಲವಂಗ ಬಟ್ಟೆಯಲ್ಲಿ ಕಟ್ಟಿ, ಎರಡು ಹನಿ ನೀಲಗಿರಿ ಎಣ್ಣೆ ಹಾಕಿ ಮೂಸುತ್ತಿರಿ. ಆಕ್ಸಿಜನ್ ಮಟ್ಟ ತಕ್ಷಣ ಏರುತ್ತದೆ. ಹತ್ತು ಜನರಿಗೆ ಕಳುಹಿಸಿ, ಜೀವ ಉಳಿಸಿ.

ನರ್ಸ್ ಅಕ್ಕ, 8.23
ಆಂಟಿ, ಬೇಡ. ಇದು 2021ರಲ್ಲೇ ಹರಿದಾಡಿದ್ದು. ಆಕ್ಸಿಜನ್ ಏರುವುದಿಲ್ಲ. ಮೂಗು ತಣ್ಣಗಾದ ಹಾಗೆ ಅನ್ನಿಸುತ್ತದೆ, ಅಷ್ಟೇ. ಅದನ್ನು ನಂಬಿ ಅರ್ಧ ಗಂಟೆ ಕೂತರೆ ಜೀವಕ್ಕೇ ಕುತ್ತು. ಡಿಲೀಟ್ ಮಾಡಿಬಿಡಿ.

ಹೋಂಸ್ಟೇ ಆಂಟಿ, 8.30
ಮಾಡಿದೆ ಮಗಳೇ. ಒಳ್ಳೇದಕ್ಕೆ ಅಂತ ಹಾಕಿದ್ದೆ.

ವೈರಿಂಗ್ ಕೆಲಸದವರು, 8.41
ಮೆಷಿನ್ ರಿಪೇರಿ ಆದರೂ ನಿನ್ನೆಯಂಥ ರಾತ್ರಿಗೆ ಅದೊಂದೇ ಸಾಲದು. ಇದು ನಿಮಿಷಕ್ಕೆ ಐದು ಲೀಟರ್ ಕೊಡುವ ಮೆಷಿನ್, 350 ವಾಟ್ ಹತ್ತಿರ ಎಳೆಯುತ್ತದೆ. ಮನೆಯ ಇನ್ವರ್ಟರ್‌ಗೆ 150 ಎಎಚ್ ಬ್ಯಾಟರಿ ಇದ್ದರೆ, ಬ್ಯಾಟರಿ ಹೊಸದಾಗಿದ್ದರೆ, ಮೂರು ಗಂಟೆ ಓಡಬಹುದು. ನಮ್ಮಲ್ಲಿ ಕರೆಂಟ್ ಹೋದರೆ ಎರಡು ದಿನ. ಅದಕ್ಕೇ ಸಿಲಿಂಡರ್ ಬೇಕು. ಹಾಲ್‌ನಲ್ಲಿ ಇರುವುದು ಬಿ ಟೈಪ್. ತುಂಬಿದ್ದರೆ 1500 ಲೀಟರ್ ಗ್ಯಾಸ್. ನಿಮಿಷಕ್ಕೆ ಎರಡು ಲೀಟರ್ ಬಿಟ್ಟರೆ ಹನ್ನೆರಡು ಗಂಟೆ ಬರುತ್ತದೆ. ಚಾವಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಸಿಲಿಂಡರ್ ಕುತ್ತಿಗೆಗೇ ಸರಪಳಿ ಹಾಕಿ ಕಟ್ಟಿಬಿಡಬೇಕು.

ಹೆಂಚಿನ ಮನೆ, 8.50
ನರ್ಸ್ ಅಕ್ಕ, ನೀವಿಬ್ಬರು ಹೇಳಿದ್ದು ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸೋಣ. ಮೂರು ಕೀ ಮಾಡಿಸೋಣ. ಮೂರೂ ಮೂರು ತಿರುವಿನಲ್ಲಿ ಇರಲಿ. ಮೆಷಿನ್ ಮೈಸೂರಿಗೆ ರಿಪೇರಿಗೆ ಹೋಗಬೇಕು. ಯಾರ ಗಾಡಿ ಹೋಗುತ್ತಿದೆ?

ನಿವೃತ್ತ ಸುಬೇದಾರರು, 8.58
ಗಾಡಿ ಆಮೇಲೆ. ಮೊದಲು ಲೆಕ್ಕ. ಹೌಸಿ ರಾತ್ರಿ ಎಷ್ಟು ಟಿಕೆಟ್ ಹೋಯಿತು? ಮೆಷಿನ್ ಬಿಲ್ ಎಷ್ಟು? ಉಳಿದ ದುಡ್ಡು ಎಲ್ಲಿ? 2018ರಲ್ಲೂ ಹೀಗೇ ಆಯಿತು. ಕಂಬಳಿ ಬಂತು, ಅಕ್ಕಿ ಬಂತು, ಯಾರಿಗೆ ಹೋಯಿತು ಅಂತ ಪುಸ್ತಕವೇ ಇಲ್ಲ.

ಕ್ಲಬ್ ಕಾರ್ಯದರ್ಶಿ, 9.10
ಸಾರ್, 2018ರ ಮಾತು ತೆಗೆಯಬೇಡಿ. ಆ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆಯಿಂದ ಜನ ಉಟ್ಟ ಬಟ್ಟೆಯಲ್ಲಿ ಬಂದಿದ್ದರು. ನಾವು ನಿದ್ದೆ ಮಾಡಿಲ್ಲ. ಒದ್ದೆ ಸೀರೆ ಉಟ್ಟ ಬಾಣಂತಿಗೆ ಪುಸ್ತಕ ಬರೆದು ಕಂಬಳಿ ಕೊಡಬೇಕಿತ್ತಾ? ರಕ್ತದಾನ ಶಿಬಿರ, ಕಣ್ಣಿನ ಶಿಬಿರ, ಪೋಲಿಯೋ ಬೂತ್, ಪ್ರತಿ ವರ್ಷ ನಾವೇ ನಿಂತಿದ್ದೇವೆ. ಲೆಕ್ಕ ಇದೆ. ಭಾನುವಾರ ತರುತ್ತೇನೆ.

ನಿವೃತ್ತ ಸುಬೇದಾರರು, 9.14
ಪೋಲಿಯೋ ಸರ್ಕಾರದ್ದು. ನೀವು ನೀಲಿ ಟೋಪಿ ಹಾಕಿ ನಿಂತದ್ದು ಅಷ್ಟೇ.

ಟ್ಯಾಂಕ್ ಹತ್ತಿರದ ಮೇಷ್ಟ್ರು, 9.30
ಹಾಗೆ ಹೇಳಬೇಡಿ ಸಾರ್. ರೋಟರಿಯವರು 1985ರಲ್ಲಿ ಪೋಲಿಯೋ ಕೆಲಸ ಕೈಗೆತ್ತಿಕೊಂಡಾಗ ಇದು ಆಗುವ ಮಾತಲ್ಲ ಅಂತ ಎಷ್ಟೋ ಜನ ಅಂದಿದ್ದರು. ನಮ್ಮ ದೇಶದಲ್ಲಿ ಸಹಜ ಪೋಲಿಯೋ ವೈರಸ್‌ನ ಕೊನೆಯ ಪ್ರಕರಣ 2011ರ ಜನವರಿ. 2014ರ ಮಾರ್ಚ್‌ನಲ್ಲಿ ಪೋಲಿಯೋ ಇಲ್ಲ ಅಂತ ಸರ್ಟಿಫಿಕೇಟ್ ಸಿಕ್ಕಿತು. ಸರ್ಕಾರ, ಆಶಾ ಕಾರ್ಯಕರ್ತೆಯರು, ಕ್ಲಬ್‌ನವರು, ಎಲ್ಲರೂ ಕೈ ಹಾಕಿದ್ದಕ್ಕೇ ಆಯಿತು.

ನರ್ಸ್ ಅಕ್ಕ, 9.38
ಮೇಷ್ಟ್ರೇ, ಅದು ಹೇಗೆ ಆಯಿತು ಅಂತಲೂ ಹೇಳಬೇಕು. ನಾನು ಆ ಬೂತ್‌ಗಳಲ್ಲಿ ಕೂತವಳು. ಲಸಿಕೆಯ ಪುಟ್ಟ ಬಾಟಲಿ ಮೇಲೆ ಒಂದು ಗುರುತು ಇರುತ್ತದೆ, ವೃತ್ತದ ಒಳಗೆ ಒಂದು ಚೌಕ. ಬಿಸಿ ತಾಗಿದಷ್ಟೂ ಚೌಕದ ಬಣ್ಣ ಗಾಢ ಆಗುತ್ತದೆ. ಸುತ್ತಲಿನ ವೃತ್ತದಷ್ಟೇ ಗಾಢ ಆದರೆ ಆ ಬಾಟಲಿ ಬಿಸಾಕಬೇಕು. ಪ್ರತಿ ಬಾಟಲಿ ತೆಗೆಯುವ ಮುಂಚೆ ಅದನ್ನು ನೋಡುತ್ತಿದ್ದೆವು. ಐಸ್ ಪ್ಯಾಕ್ ಮುಟ್ಟಿ ನೋಡುತ್ತಿದ್ದೆವು. ಮೆಷಿನ್‌ನೂ ಹಾಗೆ ನೋಡಿದ್ದರೆ ನಿನ್ನೆ ಇವರ ಅಪ್ಪ ಅಷ್ಟು ಒದ್ದಾಡುತ್ತಿರಲಿಲ್ಲ. ಕಾರ್ಯದರ್ಶಿಗಳೇ, ನಿಮ್ಮ ಮೇಲೆ ಸಿಟ್ಟಿಲ್ಲ. ವಾರಕ್ಕೆ ಒಂದು ದಿನ ನಾನು ನೋಡಿಕೊಳ್ಳುತ್ತೇನೆ. ಒಬ್ಬಳ ಕೈಲಿ ಆಗುವುದಿಲ್ಲ. ಇನ್ನೂ ಮೂರು ಹೆಸರು ಬೇಕು.

ಬಾಡಿಗೆ ಮನೆ ಹುಡುಗ, 9.41
ನನ್ನ ಹೆಸರು ಹಾಕಿ ಅಕ್ಕ.

ವೈರಿಂಗ್ ಕೆಲಸದವರು, 9.42
ನಂದೂ.

ಬೇಕರಿ ಮನೆ, 9.55
ಹೊಸ ಮೆಷಿನ್‌ಗೇ ದುಡ್ಡು ಎತ್ತೋಣ. ಕೈಲ್ ಮುಹೂರ್ತದ ಆಯುಧ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಡುತ್ತೀವಲ್ಲ, ಎಂಟ್ರಿ ಫೀ ಇದಕ್ಕೇ ಹೋಗಲಿ. ಪಕ್ಕದಲ್ಲಿ ಪಂದಿ ಕರಿ, ಕಡುಂಬುಟ್ಟು ಕೂಪನ್. ಅಡುಗೆ ನನಗೆ ಬಿಡಿ.

ಹೋಂಸ್ಟೇ ಮನೆ, 10.02
ಕೂಪನ್ ಚೆನ್ನಾಗಿದೆ. ವೆಜ್‌ನವರಿಗೂ ಒಂದು ಕೌಂಟರ್ ಇರಲಿ. ಹೋದ ಸಲ ಮೇಷ್ಟ್ರ ಮನೆಯವರು ಬರೀ ಪಾಯಸ ಕುಡಿದು ಹೋದರು.

ನಿವೃತ್ತ ಸುಬೇದಾರರು, 10.06
ಹಳೇ ಲೆಕ್ಕ ಬಾರದೆ ಒಂದು ರೂಪಾಯಿ ಎತ್ತಬಾರದು. ಮತ್ತೆ ಒಂದು ವಿಷಯ. ರಸ್ತೆಗೆ ಬಿದ್ದ ಮರ ಯಾರದ್ದು? ಎರಡು ವರ್ಷದಿಂದ ವಾಲಿತ್ತು. ನಾನು ಅರ್ಜಿ ಬರೆದಿದ್ದೆ. ಮೂರು ಜನ ಸಹಿ ಹಾಕಿದ್ದು.

ಹೋಂಸ್ಟೇ ಮನೆ, 10.11
ಮರ ನನ್ನದು. ಅದರ ಮೇಲೆ ಕರಿಮೆಣಸಿನ ಬಳ್ಳಿ ಇತ್ತು, ಕೊಯ್ದ ಮೇಲೆ ಕಡಿಸೋಣ ಅಂತ ಇದ್ದೆ. ಆಮೇಲೆ ಅನುಮತಿಗೆ ಅಲೆದೆ. ಎಲ್ಲದಕ್ಕೂ ನನ್ನನ್ನೇ ಹಿಡಿಯಬೇಡಿ ಸಾರ್. ರಾತ್ರಿ ಜನರೇಟರ್ ಹಾಕಿದ್ದು ಯಾರು?

ನಿವೃತ್ತ ಸುಬೇದಾರರು, 10.13
ನಾಲ್ಕು ಕಿಲೋ ಮೆಣಸಿಗೆ ಒಬ್ಬ ಮನುಷ್ಯನ ಪ್ರಾಣ ಹೋಗುತ್ತಿತ್ತು.

ಹೆಂಚಿನ ಮನೆ, 10.20
ಸಾಕು ಮಾಡಿ ಸಾರ್, ಕೈ ಮುಗಿಯುತ್ತೇನೆ. ಜನರೇಟರ್ ಹಾಕಿ ಮಳೆಯಲ್ಲಿ ಕುರ್ಚಿಯ ಒಂದು ಕಾಲು ಹಿಡಿದವರು ಅವರೇ. ಇನ್ನೊಂದು ಕಾಲು ನಿಮ್ಮ ಮಗ. ನನಗೆ ಇಬ್ಬರೂ ಬೇಕು. ಮೈಸೂರಿಗೆ ಗಾಡಿ ಯಾರದ್ದು ಹೋಗುತ್ತಿದೆ ಅಂತ ಕೇಳಿದ್ದೆ.

ಟ್ಯಾಂಕ್ ಹತ್ತಿರದ ಮೇಷ್ಟ್ರು, 10.24
ಭಾನುವಾರ ಹನ್ನೊಂದಕ್ಕೆ ಹಾಲ್‌ನಲ್ಲಿ ಮೀಟಿಂಗ್ ಇಡೋಣ. ಲೆಕ್ಕ, ಕೀ, ಮೆಷಿನ್, ಮರ, ಎಲ್ಲ ಅಲ್ಲೇ ಮಾತಾಡೋಣ.

ಕ್ಲಬ್ ಕಾರ್ಯದರ್ಶಿ, 10.30
ಒಪ್ಪಿದೆ.

ಬೇಕರಿ ಮನೆ, 10.31
ಚಹಾ ನನ್ನದು.

ಹೆಂಚಿನ ಮನೆ, ಮಧ್ಯಾಹ್ನ 1.15
ಅಪ್ಪ ಎರಡು ತುತ್ತು ಗಂಜಿ ಕುಡಿದರು. ಮೊದಲು ಕೇಳಿದ್ದು, ಆ ಮೆಷಿನ್ ಯಾಕೆ ಓಡಲಿಲ್ಲ ಅಂತ. ತೋಟದಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವರು. ಪಂಪ್‌ಸೆಟ್ ನಿಂತರೆ ಯಾಕೆ ನಿಂತಿತು ಅಂತ ಬರೆದಿಡುತ್ತಿದ್ದರು. ಒಂದು ಹಳೇ ನೋಟ್ ಪುಸ್ತಕ ಇದೆಯಂತೆ, ಮೆಷಿನ್ ಪಕ್ಕ ನೇತು ಹಾಕಿ, ಓಡಿಸಿದವರು ತಾರೀಕು ಬರೆಯಲಿ ಅಂದರು. ಮನೆಗೆ ಹೋಗಿ ಹುಡುಕುತ್ತೇನೆ.

ನರ್ಸ್ ಅಕ್ಕ, 1.20
ಖಂಡಿತ ನೇತು ಹಾಕೋಣ.

ಟ್ಯಾಂಕ್ ಹತ್ತಿರದ ಮೇಷ್ಟ್ರು, ಸಂಜೆ 5.38
ಎಲ್ಲರ ಗಮನಕ್ಕೆ. ಟ್ಯಾಂಕ್ ತಿರುವಿನಲ್ಲಿ ಬರೆ (ಗುಡ್ಡ ಕಡಿದ ಮಣ್ಣಿನ ಗೋಡೆ) ಮೇಲೆ ಬಿರುಕು ಬಿಟ್ಟಿದೆ. ಕೈ ಬೆರಳು ಹೋಗುವಷ್ಟು. ಬುಡದಲ್ಲಿ ಬೆಳಿಗ್ಗೆ ತಿಳಿ ನೀರು ಬರುತ್ತಿತ್ತು, ಈಗ ಕೆಂಪು ನೀರು. ಕರೆಂಟ್ ಕಂಬವೂ ಸ್ವಲ್ಪ ವಾಲಿದ ಹಾಗೆ ಕಾಣುತ್ತದೆ.

ನಿವೃತ್ತ ಸುಬೇದಾರರು, 5.41
ಫೋಟೋ ಹಾಕಿ. ಕೆಳಗಿನ ಎರಡು ಮನೆಯವರು ಈಗಲೇ ಎದ್ದು ನಮ್ಮ ಮನೆಗೆ ಬರಲಿ. ಮೇಲೆ ಎರಡು ಕೋಣೆ ಖಾಲಿ ಇದೆ. ವಾದ ಬೇಡ, ಬನ್ನಿ.

ಹೋಂಸ್ಟೇ ಮನೆ, 5.43
ನಮ್ಮಲ್ಲೂ ಜಾಗ ಇದೆ. ದುಡ್ಡಿನ ಮಾತೇ ಇಲ್ಲ. ಬಿಸಿನೀರು ಇದೆ.

ಕ್ಲಬ್ ಕಾರ್ಯದರ್ಶಿ, 5.50
ನಾನು ಕುಶಾಲನಗರ ದಾಟಿದೆ. ತಾಲ್ಲೂಕು ಕಚೇರಿಗೆ, ನಗರಸಭೆಗೆ ಹೇಳಿದ್ದೇನೆ. ಬಿರುಕಿಗೆ ನೀರು ಇಳಿಯದ ಹಾಗೆ ಟಾರ್ಪಾಲ್ ಹೊದಿಸಬೇಕು. ಬರೆ ಕೆಳಗೆ ಯಾರೂ ನಿಲ್ಲಬೇಡಿ, ಮೇಲಿನಿಂದ ಮಾತ್ರ. ಯಾರ ಮನೆಯಲ್ಲಿ ಟಾರ್ಪಾಲ್ ಇದೆ? ಭಾನುವಾರದ ಮೀಟಿಂಗ್ ಹಾಲ್ ಬದಲು ಟ್ಯಾಂಕ್ ಹತ್ತಿರ ಇಡೋಣ, ಬರೆ ವಿಷಯ ಮೊದಲು.

ಬೇಕರಿ ಮನೆ, 5.52
ನಮ್ಮಲ್ಲಿ ಒಂದು.

ವೈರಿಂಗ್ ಕೆಲಸದವರು, 5.53
ಎರಡು ಇದೆ. ಹಗ್ಗವೂ ಇದೆ. ಕಂಬದ ಹತ್ತಿರ ಮಾತ್ರ ಯಾರೂ ಹೋಗಬೇಡಿ, ಲೈನ್ ಆಫ್ ಆಗಿದೆಯಾ ಕೇಳುತ್ತೇನೆ.

ಹೆಂಚಿನ ಮನೆ, 5.58
ನಮ್ಮಲ್ಲಿ ಕಾಫಿ ಒಣಗಿಸುವ ದೊಡ್ಡದು ಇದೆ. ಅಟ್ಟದಲ್ಲಿದೆ, ಬೀಗ ಹಾಕಿಲ್ಲ, ಹುಡುಗರು ಹೋಗಿ ತಗೊಳ್ಳಲಿ. ನಾನು ರಾತ್ರಿ ಆಸ್ಪತ್ರೆಯಲ್ಲೇ ಇರುತ್ತೇನೆ. ಡಾಕ್ಟರ್ ನಾಡಿದ್ದು ಮನೆಗೆ ಬಿಡಬಹುದು ಅಂದರು. ಮೆಷಿನ್ ಅಷ್ಟರೊಳಗೆ ಮೈಸೂರಿಗೆ ಹೋಗಿ ಬರುತ್ತದಾ?

ಬಾಡಿಗೆ ಮನೆ ಹುಡುಗ, 6.04
ಅಕ್ಕ, ಟಾರ್ಪಾಲ್ ಸಿಕ್ಕಿತು. ಎಷ್ಟು ಅಡಿ ಬರುತ್ತದೆ ಇದು?