ಹಳೇ ಡೀಸೆಲ್ ಕಾರು ಗುಜರಿಗೆ: ತೆರಿಗೆ ರಿಯಾಯಿತಿ ಪಡೆಯೋದು ಹೇಗೆ?

ಪ್ರಶ್ನೆ: 16 ವರ್ಷದ ಡೀಸೆಲ್ ಕಾರು, ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಪಾಸಾಗುತ್ತಿಲ್ಲ. ಗುಜರಿಗೆ ಹಾಕಿದರೆ ಹೊಸ ಗಾಡಿಯ ತೆರಿಗೆ ಕಡಿಮೆಯಾಗುತ್ತದಂತೆ. ಏನೇನು ಮಾಡಬೇಕು?

ಉತ್ತರ 1: ಬೀದಿ ಗುಜರಿಯವರಿಗೆ ಕೊಟ್ಟರೆ ರಿಯಾಯಿತಿ ಇಲ್ಲ. ಸರ್ಕಾರದಲ್ಲಿ ನೋಂದಾಯಿಸಿದ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಡಿ, ಅರ್ಜಿ ಸರ್ಕಾರದ ವಾಹನ ನೋಂದಣಿ ಜಾಲತಾಣ ‘ವಾಹನ್’ ಪೋರ್ಟಲ್‌ನಲ್ಲಿ. ಅಲ್ಲಿ ಸಿಗುವ ‘ಸರ್ಟಿಫಿಕೇಟ್ ಆಫ್ ಡೆಪಾಸಿಟ್’ (ಗಾಡಿ ಒಪ್ಪಿಸಿದ್ದಕ್ಕೆ ಕೊಡುವ ಪತ್ರ) ಇದ್ದರೆ ಹೊಸ ಖಾಸಗಿ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ, ಸಾರಿಗೆ ವಾಹನಕ್ಕೆ ಶೇ 15ರವರೆಗೆ ರಿಯಾಯಿತಿ. ಇದು ಕೇಂದ್ರದ ಗರಿಷ್ಠ ಮಿತಿ ಅಷ್ಟೆ. ನಿಜವಾಗಿ ಎಷ್ಟು ಅನ್ನೋದು ರಾಜ್ಯದ ಅಧಿಸೂಚನೆಯಲ್ಲಿರುತ್ತದೆ.

ಉತ್ತರ 2: ಅರ್ಜಿ ಸಿಕ್ಕಿಹಾಕಿಕೊಳ್ಳೋದು ಹೆಚ್ಚಾಗಿ ಹೈಪೋಥಿಕೇಶನ್‌ನಲ್ಲಿ, ಅಂದರೆ ಗಾಡಿ ಸಾಲಕ್ಕೆ ಅಡವಾಗಿದೆ ಎಂಬ ನಮೂದಿನಲ್ಲಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿರುತ್ತದೆ. ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಫಾರಂ 35 (ಆ ನಮೂದು ತೆಗೆಸುವ ಅರ್ಜಿ) ಕೊಟ್ಟು ಮೊದಲೇ ತೆಗೆಸಿ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ವರ್ಗಾವಣೆಯೂ ಮೊದಲೇ ಆಗಲಿ. ಬಾಕಿ ದಂಡವನ್ನೂ ನೋಡಿಕೊಳ್ಳಿ.

ಉತ್ತರ 3: ಬೆಲೆ ತೂಕದ ಮೇಲೆ. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧಿ ಮಾಡುವ ಭಾಗ), ಬ್ಯಾಟರಿ ಬಿಚ್ಚಿ ಮಾರಿಕೊಂಡು ಬಂದರೆ ದರ ಇಳಿಸುತ್ತಾರೆ, ಅದು ನ್ಯಾಯವೂ ಹೌದು. ಡೆಪಾಸಿಟ್ ಪತ್ರ ಸಿಕ್ಕಿತೆಂದು ಸುಮ್ಮನಾಗಬೇಡಿ. ಗಾಡಿ ಗುಜರಿಯಾಗಿದ್ದಕ್ಕೆ ಕೊಡುವ ‘ವೆಹಿಕಲ್ ಸ್ಕ್ರ್ಯಾಪಿಂಗ್’ ಪತ್ರವೂ ಬರಬೇಕು, ನೋಂದಣಿ ರದ್ದಾಗಿದೆಯೇ ಎಂದು ವಾಹನ್‌ನಲ್ಲಿ ನೋಡಿ. ವಿಮೆ ರದ್ದು ಮಾಡಿಸುವಾಗ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಪತ್ರ ಕೇಳಿ, ಹೊಸ ಕಾರಿಗೆ ಬರುತ್ತದೆ.