ಕಾರ್ ಶೆಡ್ಡಿನ ಕಲ್ಲುತಾರಸಿಯ ಮೇಲೆ ಡೆಕ್: ಪುಟ್ಟಿಗೆ ಮಾವನ ಉತ್ತರ

ಪುಟ್ಟಿ, ನೀನು ಗುಂಪಿಗೆ ಹಾಕಿದ ಫೋಟೋಗಳನ್ನೂ ಆ ಗುತ್ತಿಗೆದಾರ ಬರೆದುಕೊಟ್ಟ ನಕ್ಷೆಯನ್ನೂ ನೋಡಿದೆ. ತುಮಕೂರಿನ ಮನೆಯ ಕಾರ್ ಶೆಡ್ಡಿನ ತಾರಸಿಗೆ ಮರದ ಹಲಗೆ ಹಾಸಿ, ಸುತ್ತ ಕಟಕಟೆ ಕಟ್ಟಿಸಿ, ಸಂಜೆ ಅಪ್ಪ ಅಮ್ಮ ಅಲ್ಲಿ ಕುಳಿತು ಕಾಫಿ ಕುಡಿಯುವಂತೆ ಮಾಡಬೇಕು, ಯುಗಾದಿಗೆ ಎಲ್ಲರೂ ಸೇರಿದಾಗ ಅಲ್ಲೇ ಎಲೆ ಹಾಕಬೇಕು ಎಂದು ಬರೆದಿದ್ದೀಯೆ. "ಮಾವ, ಬೇಗ ಮುಗಿಯುವ ಕೆಲಸವಂತೆ, ಹೂಂ ಎನ್ನಲೇ?" ಎಂದು ಕೇಳಿದ್ದೀಯೆ. ಇದನ್ನೆಲ್ಲ ಟೈಪು ಮಾಡುವ ತಾಳ್ಮೆ ನನಗಿಲ್ಲ, ಮಾತಿನಲ್ಲೇ ಹೇಳುತ್ತೇನೆ. ಉದ್ದವಾಗುತ್ತದೆ. ಅಕ್ಕ, ಭಾವ, ನೀವಿಬ್ಬರೂ ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಕೇಳಿ.

ಇನ್ನೂ ಹೂಂ ಎನ್ನಬೇಡ. ಡೆಕ್ ಬೇಡ ಎಂದು ನಾನು ಹೇಳುತ್ತಿಲ್ಲ, ಜಾಗ ಒಳ್ಳೆಯದೇ. ಹೊಂಗೆಮರದ ನೆರಳು ಮಧ್ಯಾಹ್ನದ ಮೇಲೆ ನೇರವಾಗಿ ಅಲ್ಲಿಗೇ ಬೀಳುತ್ತದೆ. ಆದರೆ ಆ ನಕ್ಷೆಯಲ್ಲಿ ತಾರಸಿಯನ್ನು 'ಆರ್‌ಸಿಸಿ ಸ್ಲ್ಯಾಬ್' ಎಂದು, ಅಂದರೆ ಒಳಗೆ ಕಬ್ಬಿಣದ ಕಂಬಿ ಇಟ್ಟು ಹಾಕಿದ ಕಾಂಕ್ರೀಟು ಎಂದು, ಬರೆದಿದ್ದಾರೆ. ಅದು ಆರ್‌ಸಿಸಿ ಅಲ್ಲ. ಅಜ್ಜ ಅಂಬಾಸಿಡರ್ ಕಾರು ನಿಲ್ಲಿಸಲು ಕಟ್ಟಿಸಿದ ಶೆಡ್ಡು ಅದು. ಮೇಲಿರುವುದು ಚಪ್ಪಡಿ ಕಲ್ಲು. ಒಳಗಿನಿಂದ ಸುಣ್ಣ ಬಳಿದು ಬಳಿದು ಸಂದುಗಳೇ ಮುಚ್ಚಿಹೋಗಿವೆ. ಆ ಮನುಷ್ಯ ಟಾರ್ಚು ಹಾಕಿ ಮೇಲೆ ನೋಡಿಲ್ಲ ಎಂದು ನನ್ನ ಊಹೆ. ಹಲಗೆ ಬಣ್ಣದ ಪುಸ್ತಕ ತೋರಿಸುವ ಮೊದಲು ಹಲಗೆಯನ್ನು ಹೊರುವುದು ಯಾವುದು ಎಂದು ನೋಡದವನ ಮೇಲೆ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಕಲ್ಲಿಗೂ ಆರ್‌ಸಿಸಿಗೂ ಏನು ವ್ಯತ್ಯಾಸ ಎನ್ನುತ್ತೀಯೆ. ಗೋಡೆಯಿಂದ ಗೋಡೆಗೆ ಹಾಸಿದ ಯಾವ ಚಪ್ಪಡಿಯ ಮೇಲಾದರೂ ಭಾರ ಬಿದ್ದರೆ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದಾಗ ಮೇಲ್ಮೈ ಒತ್ತಿಕೊಳ್ಳುತ್ತದೆ, ತಳ ಹಿಗ್ಗುತ್ತದೆ. ನಮ್ಮ ಗ್ರಾನೈಟು ಒತ್ತಡವನ್ನು ಎಷ್ಟು ಬೇಕಾದರೂ ತಾಳಿಕೊಳ್ಳುತ್ತದೆ. ಎಳೆತವನ್ನು ತಾಳುವ ಶಕ್ತಿ ಮಾತ್ರ ಅದರ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಆರ್‌ಸಿಸಿಯಲ್ಲಿ ಆ ಎಳೆತವನ್ನು ತಳದಲ್ಲಿರುವ ಕಂಬಿ ಹೊರುತ್ತದೆ. ಅದು ಸೋಲುವ ಮೊದಲು ಜೋತುಬೀಳುತ್ತದೆ, ಬಿರುಕು ಬಿಡುತ್ತದೆ, ಗಾರೆ ಉದುರಿಸುತ್ತದೆ, ಮನೆಯವರಿಗೆ ಎದ್ದು ಹೊರಗೆ ಹೋಗಲು ಸಮಯ ಕೊಡುತ್ತದೆ. ಕಲ್ಲು ಹಾಗಲ್ಲ. ನಿನ್ನೆಯವರೆಗೂ ಸರಿಯಾಗಿದ್ದದ್ದು ಇಂದು ನಡುವೆ ಎರಡು ತುಂಡಾಗುತ್ತದೆ. ಬಂಡೆಯಿಂದ ಸೀಳುವಾಗ ಒಳಗೆ ಉಳಿದ ಒಂದು ಎಳೆಬಿರುಕು ಸಾಕು, ಅದಕ್ಕೆ ಬೇರೆ ನೆಪ ಬೇಡ.

ಲೆಕ್ಕ ಹೇಳುತ್ತೇನೆ. ಶೆಡ್ಡು ಒಳ ಅಳತೆಗೆ ಒಂಬತ್ತು ಅಡಿ ಅಗಲ, ಹದಿನೆಂಟು ಅಡಿ ಉದ್ದ. ಸುಮಾರು 15 ಚದರ ಮೀಟರ್. ಒಂಬತ್ತು ಅಡಿ ಉದ್ದ, ಎರಡಡಿ ಅಗಲ, ನಾಲ್ಕು ಇಂಚು ದಪ್ಪದ ಒಂದು ಚಪ್ಪಡಿಯೇ ಹೆಚ್ಚುಕಡಿಮೆ 450 ಕಿಲೋ ತೂಗುತ್ತದೆ. ಕಲ್ಲಿನ ಶಕ್ತಿಯಲ್ಲಿ ಒಂದು ಪಾಲು ತನ್ನನ್ನು ತಾನು ಹೊರುವುದಕ್ಕೇ ಖರ್ಚಾಗುತ್ತದೆ. ಅದರ ಮೇಲೆ ಅಜ್ಜನ ಕಾಲದ ಸುಣ್ಣದ ಗಾರೆ. ಅದು ಸೋರಿತೆಂದು ಒಂದು ಪದರ ಸಿಮೆಂಟು. ಅದೂ ಸೋರಿತೆಂದು ಇನ್ನೊಂದು. ಭಾವನವರ ಕಾಲದಲ್ಲೇ ಎರಡು ಬಾರಿ ಹಾಕಿಸಿದ್ದು ನನಗೆ ಗೊತ್ತು. ಮೂರು ಇಂಚಿನ ಕಾಂಕ್ರೀಟು ಎಂದರೆ ಚದರ ಮೀಟರಿಗೆ 180 ಕಿಲೋ. ಇಡೀ ತಾರಸಿಗೆ ಎರಡೂವರೆ ಟನ್ನಿಗೂ ಹೆಚ್ಚು. ಇದು ಹಗಲೂ ರಾತ್ರಿ ಅಲ್ಲೇ ಕುಳಿತಿರುವ ಭಾರ.

ಜನ ಓಡಾಡುವ ತಾರಸಿಗೆ ಚದರ ಮೀಟರಿಗೆ 150 ಕಿಲೋ ಭಾರ ಹಿಡಿದು ಲೆಕ್ಕ ಹಾಕಬೇಕೆಂದು ನಮ್ಮ ದೇಶದ ಮಾನಕ, ಐಎಸ್ 875ರ ಎರಡನೆಯ ಭಾಗ, ಹೇಳುತ್ತದೆ. ಮನೆಯ ಬಾಲ್ಕನಿಗೆ ಅದೇ ಮಾನಕ 300 ಕಿಲೋ ಕೇಳುತ್ತದೆ, ಏಕೆಂದರೆ ಬಾಲ್ಕನಿಯಲ್ಲಿ ಜನ ಗುಂಪುಗೂಡುತ್ತಾರೆ. ನೀನು ಕಟ್ಟಿಸಬೇಕೆಂದಿರುವುದು ಹೆಸರಿಗೆ ತಾರಸಿ, ಬಳಕೆಗೆ ಬಾಲ್ಕನಿ. ಯುಗಾದಿಯ ದಿನ ಇಪ್ಪತ್ತು ಜನ ಸಮನಾಗಿ ಹರಡಿಕೊಂಡು ನಿಲ್ಲುವುದಿಲ್ಲ. ಬೀದಿಯಲ್ಲಿ ಏನೋ ಸದ್ದಾದರೆ ಇಪ್ಪತ್ತೂ ಜನ ಮುಂದಿನ ಕಟಕಟೆಗೇ ಹೋಗುತ್ತಾರೆ, ನಮ್ಮ ಮನೆಯವರಂತೂ ಖಂಡಿತ. ಆದ್ದರಿಂದ ನಾನು 300 ಹಿಡಿಯುತ್ತೇನೆ. ಅದನ್ನು ಆ ಕಲ್ಲಿನ ಮೇಲೆ ಹಾಕಲು ನಾನು ಒಪ್ಪುವುದಿಲ್ಲ.

ಹಾಗಾದರೆ ದಾರಿ ಏನು? ಡೆಕ್ ತಾರಸಿಯ ಮೇಲೆ ಕೂರಬಾರದು, ಗೋಡೆಯ ಮೇಲೆ ಕೂರಬೇಕು. ಮೇಲೊಂದು ಅಟ್ಟ ಬಂದಿದೆ ಎಂಬುದು ಆ ಚಪ್ಪಡಿಗಳಿಗೆ ತಿಳಿಯಲೇ ಬಾರದು. ಎರಡು ಪಕ್ಕದ ಗೋಡೆಗಳ ತಲೆಯ ಮೇಲೆ ಉದ್ದಕ್ಕೂ ಆರ್‌ಸಿಸಿ ಪಟ್ಟಿ ಹಾಕಿಸಿ, ಅದರ ಮೇಲೆ ನಾಲ್ಕು ಅಡಿಗೊಂದರಂತೆ ಕಬ್ಬಿಣದ ಐ ಬೀಮು ಕೂರಿಸಬೇಕು. ಒಂಬತ್ತು ಅಡಿಗೆ 150 ಮಿಲಿಮೀಟರಿನದು ಧಾರಾಳವಾಗಿ ಸಾಕು, ಮೀಟರಿಗೆ 15 ಕಿಲೋ ಅಷ್ಟೇ ತೂಗುತ್ತದೆ. ಬೀಮಿನ ತಳಕ್ಕೂ ತಾರಸಿಗೂ ನಡುವೆ ಮೂರು ಇಂಚಾದರೂ ಖಾಲಿ ಇರಲಿ. ಬೀಮಿನ ಮೇಲೆ ಅಡ್ಡಪಟ್ಟಿ, ಅದರ ಮೇಲೆ ಹಲಗೆ. ಎಲ್ಲ ಸೇರಿ ಚದರ ಮೀಟರಿಗೆ ಐವತ್ತು ಕಿಲೋ ಆಸುಪಾಸು ಬರುತ್ತದೆ, ಜನರ ಭಾರವೂ ಸೇರಿ ನೇರ ಗೋಡೆಗೆ ಇಳಿಯುತ್ತದೆ. ಮನೆಯ ಕಡೆಯ ಗೋಡೆ ಸೈಜುಕಲ್ಲಿನದು. ಒತ್ತಡ ಹೊರುವುದೇ ಅದರ ಕಸುಬು, ಅದರ ಬಗ್ಗೆ ನನಗೆ ಚಿಂತೆ ಇಲ್ಲ. ಶಟರಿನ ಮೇಲಿರುವ ಲಿಂಟೆಲ್ಲಿನ, ಅಂದರೆ ಬಾಗಿಲ ತಲೆಯ ಅಡ್ಡತೊಲೆಯ, ಮೇಲೆ ಮಾತ್ರ ಏನನ್ನೂ ಹೊರಿಸಬೇಡಿ.

ನನ್ನ ಚಿಂತೆ ಇನ್ನೊಂದು ಗೋಡೆಯದು. ಫೋಟೋದಲ್ಲಿ ಅದು ಪಕ್ಕದ ಮನೆಯ ಕಾಂಪೌಂಡನ್ನೇ ಎತ್ತರಿಸಿದಂತೆ ಕಾಣುತ್ತದೆ. ಕೆಳಗಡೆ ಒಂಬತ್ತು ಇಂಚಿದ್ದು ಮೇಲೆ ನಾಲ್ಕೂವರೆ ಇಂಚಿಗೆ ಇಳಿಸಿದ್ದರೆ ಅದರ ಮೇಲೆ ಬೀಮು ಕೂರಿಸುವ ಮಾತೇ ಇಲ್ಲ. ಆಗ ಗೋಡೆಗೆ ಅಂಟಿದಂತೆ, ನಮ್ಮ ಜಾಗದ ಒಳಗೇ, ಮೂರು ಕಬ್ಬಿಣದ ಕಂಬ ನಿಲ್ಲಿಸಿ ಅವಕ್ಕೆ ಪ್ರತ್ಯೇಕ ತಳಪಾಯ ತೋಡಿಸಬೇಕಾಗುತ್ತದೆ. ಕಂಬ ತಾರಸಿಯನ್ನು ದಾಟಿ ಮೇಲೆ ಬರಬೇಕಲ್ಲ, ಅಲ್ಲಿ ಚಪ್ಪಡಿಯ ತುದಿಯನ್ನು ಕೊರೆಯಬೇಕಾಗುತ್ತದೆ, ಕೊರೆದ ತುದಿಗೆ ಬೇರೆ ಆಧಾರ ಕೊಡಬೇಕಾಗುತ್ತದೆ. ಖರ್ಚು ಏರುತ್ತದೆ. ಆ ಖರ್ಚು ಭಾರವೆನಿಸಿದರೆ ಡೆಕ್ಕಿನ ಆಸೆಯನ್ನೇ ಬಿಡಿ, ಬೀಮನ್ನು ತೆಳು ಗೋಡೆಗೆ ಒರಗಿಸುವ ಅಡ್ಡದಾರಿ ಬೇಡ.

ಗುತ್ತಿಗೆದಾರರ ನಕ್ಷೆಯಲ್ಲಿ ಅಡ್ಡಪಟ್ಟಿಗಳನ್ನು ತಾರಸಿಗೇ ಬೋಲ್ಟು ಹಾಕಿ ಬಿಗಿಯುವುದೆಂದಿದೆ. ಹ್ಯಾಮರ್ ಡ್ರಿಲ್ ಆ ಶೆಡ್ಡಿನ ಮೇಲೆ ಹತ್ತಲೇ ಬಾರದು. ಅದರ ಕುಟ್ಟಾಟಕ್ಕೆ ಕಲ್ಲಿನ ಹಳೆಯ ಬಿರುಕು ಬಾಯಿ ಬಿಡುತ್ತದೆ, ಸಂದಿನ ಸುಣ್ಣ ಸಡಿಲವಾಗುತ್ತದೆ, ಮತ್ತು ಹಾಕಿದ ಪ್ರತಿಯೊಂದು ತೂತೂ ಮಳೆನೀರು ಇಳಿಯಲು ಒಂದು ಬಾಗಿಲು.

ನೀರಿನ ವಿಷಯ ಹೇಳದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಡೆಕ್ ಹಾಕಿದ ಮೇಲೆ ತಾರಸಿ ಕಣ್ಣಿಗೆ ಬೀಳುವುದಿಲ್ಲ, ಸೋರಿದರೂ ಕೈಗೆ ಸಿಗುವುದಿಲ್ಲ. ಆದ್ದರಿಂದ ಮೊದಲು ಆ ಹಳೆಯ ಸಿಮೆಂಟು ಪದರಗಳನ್ನು ಎಬ್ಬಿಸಿ ತೆಗೆಸಿ. ಬ್ರೇಕರ್ ಮೆಷಿನ್ ಬೇಡ, ಉಳಿ ಸುತ್ತಿಗೆಯಲ್ಲಿ, ನಿಧಾನವಾಗಿ, ಒಳಗಡೆ ಚಪ್ಪಡಿಗಳಿಗೆ ಕೆಳಗಿನಿಂದ ಆಧಾರವಾಗಿ ಜಾಕಿ ಕೊಟ್ಟು. ಕಲ್ಲು ಕಂಡ ಮೇಲೆ ಅನುಭವಿ ಮೇಸ್ತ್ರಿಯೊಬ್ಬರು ಸಣ್ಣ ಸುತ್ತಿಗೆಯಿಂದ ಒಂದೊಂದನ್ನೂ ತಟ್ಟಿ ನೋಡಲಿ. ಗಟ್ಟಿ ಕಲ್ಲು ಗಣಗಣ ಎನ್ನುತ್ತದೆ, ಒಳಗೆ ಸೀಳಿರುವುದು ಒಡಕು ಸದ್ದು ಕೊಡುತ್ತದೆ. ಒಡಕು ಸದ್ದಿನ ಚಪ್ಪಡಿಯನ್ನು ಬದಲಿಸಲು ಇದೊಂದೇ ಅವಕಾಶ. ಆಮೇಲೆ ಸಂದುಗಳಿಗೆ ಸುಣ್ಣ, ಸುರ್ಕಿ ಎಂದರೆ ಇಟ್ಟಿಗೆ ಪುಡಿ, ಬೆರೆಸಿದ ಗಾರೆ ತುಂಬಿಸಿ, ನೀರು ಹರಿದುಹೋಗಲು ತೆಳುವಾಗಿ ವಾಟ ಕೊಟ್ಟು, ಮೇಲೆ ನೀರು ತಡೆಯುವ ಲೇಪ. ವಾಟ ನೂರು ಅಡಿಗೆ ಒಂದು ಅಡಿಗಿಂತ ಕಡಿಮೆ ಬೇಡ. ಅಂದರೆ ನಿಮ್ಮ ಹದಿನೆಂಟು ಅಡಿಗೆ ಎರಡು ಇಂಚಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಆದಷ್ಟನ್ನು ಕಲ್ಲಿನ ಈಗಿನ ಇಳಿಜಾರಿನಿಂದಲೇ ಪಡೆಯಿರಿ, ಗಾರೆ ಏರಿಸಿ ಅಲ್ಲ. ಲೇಪ ಒಣಗಿದ ಮೇಲೆ ಒಂದು ಇಂಚು ನೀರು ಕಟ್ಟಿ ಎರಡು ದಿನ ಬಿಡಿ. ಒಂದು ಇಂಚು ನೀರು ಚದರ ಮೀಟರಿಗೆ 25 ಕಿಲೋ ಮಾತ್ರ, ಜಾಕಿ ಇನ್ನೂ ಇದ್ದಾಗಲೇ ಮಾಡಿದರೆ ಭಯವಿಲ್ಲ. ಕೆಳಗೆ ಒಂದು ಹನಿಯೂ ಕಾಣದಿದ್ದರೆ ಮಾತ್ರ ಬೀಮಿಗೆ ಹೇಳಿ.

ಹೊಂಗೆಮರವನ್ನು ಆಗಲೇ ಹೊಗಳಿದೆ. ಅದು ಬೇಸಿಗೆಯ ಮೊದಲಿಗೆ ಎಲೆ ಉದುರಿಸಲು ಶುರು ಮಾಡಿದರೆ ಅಕ್ಕನ ಪೊರಕೆಗೆ ಬಿಡುವಿಲ್ಲ. ಆ ಎಲೆ, ಹೂವಿನ ಕಸ ಹಲಗೆಯ ಸಂದಿನಿಂದ ಇಳಿದು ನೀರಿನ ಕೊಳವೆಯ ಬಾಯಿಗೇ ಹೋಗಿ ಕೂರುತ್ತದೆ. ಮೇ ತಿಂಗಳ ಗುಡುಗುಮಳೆಗೆ ತಾರಸಿ ಕೆರೆಯಾಗುತ್ತದೆ, ಮೇಲೆ ನಿಂತವರಿಗೆ ಗೊತ್ತೇ ಆಗುವುದಿಲ್ಲ. ಹಲಗೆಗಳನ್ನು ಒಂದೊಂದಾಗಿ ಮೊಳೆ ಹೊಡೆದು ಕೂರಿಸಬೇಡಿ. ಮೂರಡಿ ಚೌಕದ ತಟ್ಟೆಗಳಾಗಿ ಜೋಡಿಸಿ, ಇಬ್ಬರು ಎತ್ತಿ ಪಕ್ಕಕ್ಕಿಡುವಂತಿರಲಿ. ಕೊಳವೆಯ ಬಾಯಿ ಎರಡಿರಲಿ, ಒಂದು ಕಟ್ಟಿಕೊಂಡರೆ ಇನ್ನೊಂದು.

ಮರ ಯಾವುದು ಎಂಬುದಕ್ಕೆ ಇಷ್ಟೆಲ್ಲ ಚರ್ಚೆ ಬೇಕಿಲ್ಲ, ಗುಂಪಿನಲ್ಲಿ ನೀವೆಲ್ಲ ಅದನ್ನೇ ಎಳೆದಾಡುತ್ತಿದ್ದೀರಿ. ಹಣವಿದ್ದರೆ ಒಣಗಿದ ತೇಗ, ಸ್ಟೇನ್‌ಲೆಸ್ ಸ್ಕ್ರೂ, ಹಲಗೆಗಳ ನಡುವೆ ಐದಾರು ಮಿಲಿಮೀಟರು ಸಂದು. ಮತ್ತಿ ಅಗ್ಗ, ಆದರೆ ಬಿಸಿಲಿಗೆ ಸೀಳುತ್ತದೆ. ಮರದ ಪುಡಿ ಪ್ಲಾಸ್ಟಿಕ್ಕು ಬೆರೆಸಿದ ಆ ಹೊಸ ಹಲಗೆಗೆ ಗೆದ್ದಲಿನ ಭಯವಿಲ್ಲ, ನಿಜ. ಆದರೆ ಏಪ್ರಿಲ್ ಮಧ್ಯಾಹ್ನ ಬರಿಗಾಲು ಇಟ್ಟರೆ ಸುಡುತ್ತದೆ, ಅಕ್ಕ ಚಪ್ಪಲಿ ಹಾಕಿಕೊಂಡು ಸಂಡಿಗೆ ಇಡುವವಳಲ್ಲ. ಪ್ಲಾಸ್ಟಿಕ್ ಹುಲ್ಲಿನ ಚಾಪೆಯ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಕಟಕಟೆ ಮೂರೂವರೆ ಅಡಿ ಎತ್ತರ ಇರಲಿ. ಈಗಿರುವ ಮೊಣಕಾಲೆತ್ತರದ ಇಟ್ಟಿಗೆ ಗೋಡೆಗೆ ಕಂಬ ನೆಡಬೇಡಿ, ಇಬ್ಬರು ಒರಗಿದರೆ ಕಂಬದ ಸಮೇತ ಗೋಡೆ ಅಂಗಳಕ್ಕೆ ಬರುತ್ತದೆ. ಕಂಬವನ್ನು ಬೀಮಿಗೇ ವೆಲ್ಡ್ ಮಾಡಿಸಿ. ಸರಳು ಉದ್ದುದ್ದ ನಿಂತಿರಲಿ, ನಡುವೆ ನಾಲ್ಕು ಇಂಚಿಗಿಂತ ಕಡಿಮೆ ಅಂತರ. ನಕ್ಷೆಯಲ್ಲಿರುವ ಅಡ್ಡ ಸರಳು ನೋಡಲು ಚೆಂದ, ಆದರೆ ನಿನ್ನ ಮಗ ಅದನ್ನು ಏಣಿ ಮಾಡಿಕೊಳ್ಳುತ್ತಾನೆ.

ಮೇಲೆ ಹತ್ತಲು ಸುರುಳಿ ಮೆಟ್ಟಿಲು ಬೇಡ. ಭಾವನವರ ಮೊಣಕಾಲಿಗೆ ಅದು ಶಿಕ್ಷೆ, ಕೈಯಲ್ಲಿ ಕಾಫಿ ಲೋಟ ಹಿಡಿದು ಯಾರೂ ಅದನ್ನು ಹತ್ತುವುದಿಲ್ಲ. ಮಹಡಿಯ ಕೋಣೆಯ ಕಿಟಕಿ ನೇರವಾಗಿ ಶೆಡ್ಡಿನ ತಾರಸಿಯ ಕಡೆಗೇ ಇದೆಯಲ್ಲ. ಕಿಟಕಿಯ ಕೆಳಗಿನ ಗೋಡೆ ಒಡೆದು ಅದನ್ನೇ ಬಾಗಿಲು ಮಾಡಿಸಿ. ಮೇಲಿನ ಲಿಂಟೆಲ್ ಇದ್ದಂತೆಯೇ ಇರುತ್ತದೆ, ಕೆಲಸ ಸಣ್ಣದು.

ಇನ್ನು ಪಕ್ಕದ ಮನೆಯವರು. ನೀವು ಡೆಕ್ಕಿನಲ್ಲಿ ಕುಳಿತರೆ ಅವರ ಅಡುಗೆಮನೆಯ ಕಿಟಕಿ ಕಣ್ಣಳತೆಯಲ್ಲೇ ಇರುತ್ತದೆ. ಕಾನೂನಿನ ಮಾತು ಆಮೇಲೆ. ಭಾವ, ನೀವು ಒಂದು ಸಂಜೆ ಹೋಗಿ ಅವರಿಗೆ ಮೊದಲೇ ಹೇಳಿ, ಆ ಬದಿಗೆ ಆಳೆತ್ತರದ ಬಿದಿರಿನ ತಟ್ಟಿಯೋ ಮರದ ಜಾಲರಿಯೋ ಹಾಕಿಸುತ್ತೇವೆ ಎನ್ನಿ. ಕಾನೂನಿನ ಮಾತೂ ಇದೆ: ಶೆಡ್ಡು ಇರುವುದು ಮನೆಯ ಪಕ್ಕ ಬಿಡಬೇಕಾದ ಖಾಲಿ ಜಾಗದಲ್ಲಿ. ಅಲ್ಲಿ ಕಾರು ನಿಲ್ಲಿಸುವುದು ಬೇರೆ, ಮೇಲೆ ಜನ ಕೂರುವ ಜಾಗ ಕಟ್ಟುವುದು ಬೇರೆ. ಪಾಲಿಕೆಯಲ್ಲಿ ವಿಚಾರಿಸದೆ ಕೆಲಸ ಶುರು ಮಾಡಿದರೆ, ನಾಳೆ ಯಾರಾದರೂ ಒಂದು ಅರ್ಜಿ ಕೊಟ್ಟರೆ ಸಾಕು, ತೇಗದ ಹಲಗೆಗಳು ಮತ್ತೆ ಕೆಳಗಿಳಿಯುತ್ತವೆ.

ಪುಟ್ಟಿ, ಈ ವಾರ ನೀನು ಊರಿಗೆ ಹೋದಾಗ ಮೂರು ಕೆಲಸ ಮಾಡು. ಶೆಡ್ಡಿನ ಒಳಗಿನಿಂದ ಪ್ರತಿಯೊಂದು ಚಪ್ಪಡಿಯ ನಡುಭಾಗದ ಫೋಟೋ ತೆಗೆ, ಟಾರ್ಚನ್ನು ಪಕ್ಕದಿಂದ ಹಿಡಿ, ಕೂದಲೆಳೆಯ ಬಿರುಕೂ ಕಾಣುತ್ತದೆ. ಕಾಂಪೌಂಡ್ ಕಡೆಯ ಗೋಡೆಯ ದಪ್ಪವನ್ನು ಮೇಲೆ, ಕೆಳಗೆ ಎರಡೂ ಕಡೆ ಟೇಪು ಹಿಡಿದು ಅಳೆ. ತಾರಸಿಯ ಅಂಚಿನಲ್ಲಿ ಗಾರೆ, ಸಿಮೆಂಟು ಒಟ್ಟು ಎಷ್ಟು ಇಂಚಿದೆ ನೋಡು. ಅದನ್ನು ಕಳಿಸಿದರೆ ಬೀಮಿನ ಲೆಕ್ಕ ನಾನೇ ಬರೆದು ಕೊಡುತ್ತೇನೆ. ಆದರೆ ಸಹಿ ಹಾಕುವುದಕ್ಕೆ ಊರಿನಲ್ಲೇ ಇರುವ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ಕಣ್ಣಾರೆ ನೋಡಬೇಕು, ನಾನು ಫೋಟೋ ನೋಡಿ ಹೇಳಿದ್ದಕ್ಕೆ ಆ ಬೆಲೆ ಇಲ್ಲ. ಭಾವ, ಅಲ್ಲಿಯವರೆಗೆ ಮುಂಗಡ ಕೊಡಬೇಡಿ. ಮತ್ತು ಅಕ್ಕ, ನೀನು ಸಂಡಿಗೆ ಹಾಕಲು ಮೇಲೆ ಹೋಗುವುದಕ್ಕೆ ಅಡ್ಡಿಯಿಲ್ಲ, ಆದರೆ ತಾರಸಿಯ ನಡುವೆ ಸಾಲಾಗಿ ಇಟ್ಟಿರುವ ಆ ದೊಡ್ಡ ಸಿಮೆಂಟು ಕುಂಡಗಳನ್ನು ನಾಳೆಯೇ ಯಾರನ್ನಾದರೂ ಕರೆಸಿ ಅಂಗಳಕ್ಕೆ ಇಳಿಸು.